ಗಾಜನೂರಿಗೆ ಬಂದ ರೈಲು

ನಮ್ಮ ಗಾಜನೂರಿನಲ್ಲಿ ತುಂಗಾ ಅಣೆಕಟ್ಟಿದೆ, ಪಕ್ಕದ ಸಕ್ರೆಬೈಲಿನಲ್ಲಿ ಆನೆಗಳಿವೆ. ರೈಲು ಮಾತ್ರ ಇಲ್ಲ. ಆ ಕೊರತೆಯನ್ನು ನಾನೇ ನೀಗಿಸಿದೆ. ಬೆಂಗಳೂರಿನಲ್ಲಿ ಮಾದರಿ ರೈಲುಗಳ ಪ್ರದರ್ಶನಕ್ಕೆ ‘ಸುಮ್ಮನೆ ನೋಡಿ ಬರ್ತೀನಿ’ ಎಂದು ಹೋದವನು ಮೂರು ಗೂಡ್ಸ್ ವ್ಯಾಗನ್ನುಗಳ ಒಡೆಯನಾಗಿ ಮರಳಿದೆ. ಎಚ್‌ಒ ಅಳತೆಯವು, ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಬೆಲೆಯನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಬೇಕೆಂದು ಮಾರುವವರಿಗೆ ಹೊಳೆದಿರಲಿಲ್ಲ. ಎಂಜಿನ್ನಿನ ಬೆಲೆ ಕೇಳಿದ ಮೇಲೆ ಅದನ್ನು ಮೆಲ್ಲಗೆ ಗಾಜಿನ ಪೆಟ್ಟಿಗೆಗೇ ಒಪ್ಪಿಸಿದೆ.

ನಮ್ಮ 1676 ಮಿ.ಮೀ. ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ, ಎಚ್‌ಒ ಹಳಿಯ ಅಗಲ ಬರೀ 16.5. ಈ ಘೋರ ಅನ್ಯಾಯವನ್ನು ಮನೆಯಲ್ಲಿ ಆವೇಶದಿಂದ ವಿವರಿಸಿದೆ. ಹೆಂಡತಿ ಪೂರ್ತಿ ಕೇಳಿ, “ಅದೆಲ್ಲ ಇರ್ಲಿ ಕಣ್ರೀ, ಇದನ್ನ ಎಳೆಯೋದು ಯಾರು?” ಅಂದಳು.

ಸದ್ಯಕ್ಕೆ ಎಂಜಿನ್ ನಾನೇ. ಊಟದ ಮೇಜಿನ ಆ ತುದಿಯಿಂದ ಈ ತುದಿಗೆ ಬೆರಳಿನಿಂದ ದೂಡುತ್ತೇನೆ, ಶಿಳ್ಳೆಯೂ ನನ್ನದೇ. ಒಂದರಲ್ಲಿ ಏಲಕ್ಕಿ, ಇನ್ನೊಂದರಲ್ಲಿ ಲವಂಗ, ಕೊನೆಯದರಲ್ಲಿ ಅಡಿಕೆ ಹೋಳು: ಸರಕು ಸಾಗಣೆ ಭರದಿಂದ ನಡೆದಿದೆ. ಪ್ರಯಾಣಿಕರ ಬೋಗಿ ಯಾವಾಗ ಎಂದು ಮೊಮ್ಮಗ ಅರ್ಜಿ ಹಾಕಿದ್ದಾನೆ. ‘ಪ್ರಸ್ತಾವ ಪರಿಶೀಲನೆಯಲ್ಲಿದೆ’ ಎಂದು ಹಿಂಬರಹ ಕೊಟ್ಟಿದ್ದೇನೆ.