ಏಳು ಬೈಟಿನಲ್ಲಿ ಮರ್ಯಾದೆ

ಕಡತದ ಹೆಸರು ನೋಡಿ ಕಡತವನ್ನು ನಂಬುವವರು ಪುಣ್ಯವಂತರು. ನಮ್ಮ ಬಳಗದವರೊಬ್ಬರು ಮಗಳ ಮದುವೆಯ ಕರೆಯೋಲೆಯನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚಿದರು. ಹೆಸರಿನ ಬಾಲದಲ್ಲಿ ಪಿಡಿಎಫ್ ಎಂದಿತ್ತು. ಯಾರು ಒತ್ತಿದರೂ ಅದು ತೆರೆಯಲಿಲ್ಲ. ಕೆಲವರು ಫೋನನ್ನು ಬೈದರು, ಕೆಲವರು ನೆಟ್‌ವರ್ಕನ್ನು ಬೈದರು, ಹಿರಿಯರೊಬ್ಬರು ಮುಹೂರ್ತದ ಮೇಲೇ ಅನುಮಾನಪಟ್ಟರು. ನಾನು ಲಿನಕ್ಸ್ ಟರ್ಮಿನಲ್ ತೆರೆದು, ಹೆಕ್ಸ್‌ಎಡಿಟ್ ಎಂದು ಬರೆದು, ಮುಂದೆ ಕಡತದ ಹೆಸರು ಕೊಟ್ಟೆ. ಕಡತದ ಬೈಟುಗಳನ್ನೇ ತೋರಿಸಿ ತಿದ್ದಲು ಬಿಡುವ ಎಡಿಟರ್ ಅದು. ಮೊದಲ ಮೂರು ಬೈಟುಗಳು ಎಫ್‌ಎಫ್, ಡಿ8, ಎಫ್‌ಎಫ್. ಅಂದರೆ ಅಪ್ಪಟ ಜೆಪೆಗ್ ಚಿತ್ರ! ಯಾರೋ ಉತ್ಸಾಹಿಗಳು ಬರೀ ಬಾಲ ಬದಲಿಸಿ ಪಿಡಿಎಫ್ ಆಯಿತೆಂದು ತಿಳಿದಿದ್ದರು.

ಹೆಸರು ಇಟ್ಟುಕೊಳ್ಳುವುದು ಅವರವರ ಇಷ್ಟ. ಗೋತ್ರ ಮಾತ್ರ ಮೊದಲ ಕೆಲವು ಬೈಟುಗಳಲ್ಲೇ ಗೊತ್ತಾಗುತ್ತದೆ. ನಿಜವಾದ ಪಿಡಿಎಫ್ ಆಗಿದ್ದರೆ 25 50 44 46 ಎಂದು ಶುರುವಾಗಬೇಕಿತ್ತು. ಜಿಪ್ ಕಡತಗಳು 50 4ಬಿ ಎಂದು ಶುರುವಾಗುತ್ತವೆ. ಅಕ್ಷರದಲ್ಲಿ ಓದಿದರೆ 'ಪಿಕೆ', ಜಿಪ್ ರೂಪಿಸಿದ ಫಿಲ್ ಕಾಟ್ಸ್ ಅವರ ಇನಿಷಿಯಲ್. ವರ್ಡಿನ ಡಾಕ್ಸ್ ಕಡತವನ್ನು ಇಣುಕಿ ನೋಡಿ, ಅದೂ ಪಿಕೆ ವಂಶದ್ದೇ. ವಿಂಡೋಸಿನ ಇಎಕ್ಸ್‌ಇ ಕಡತಗಳ ಹಣೆಯ ಮೇಲೆ 'ಎಂಜೆಡ್' ಎಂದಿರುತ್ತದೆ, ಡಾಸ್ ಕಾಲದ ಮೈಕ್ರೋಸಾಫ್ಟ್ ಎಂಜಿನಿಯರ್ ಮಾರ್ಕ್ ಜ್‌ಬಿಕೋವ್‌ಸ್ಕಿ ಅವರ ಸಹಿ. ಹೆಸರು ಉಳಿಸಿಕೊಳ್ಳಲು ಜನ ಛತ್ರ ಕಟ್ಟಿಸುತ್ತಾರೆ, ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಈ ಪುಣ್ಯಾತ್ಮರು ಎರಡೇ ಬೈಟಿನಲ್ಲಿ ಆ ಕೆಲಸ ಮುಗಿಸಿದರು.

ಹೆಕ್ಸ್‌ಎಡಿಟ್ ತೆರೆದರೆ ಗುಂಡಿಯಿಲ್ಲ, ಚಿತ್ರವಿಲ್ಲ, ಇಲಿಗೆ ಕೆಲಸವಿಲ್ಲ. ಎಡಗಡೆ ವಿಳಾಸ, ನಡುವೆ ಬೈಟುಗಳು, ಬಲಗಡೆ ಅವುಗಳಲ್ಲಿ ಓದಬಹುದಾದ ಇಂಗ್ಲಿಷ್ ಅಕ್ಷರಗಳು. ಓದಲಾಗದ್ದಕ್ಕೆಲ್ಲ ಒಂದೊಂದು ಚುಕ್ಕಿ. ನಮ್ಮ ಕನ್ನಡ ಆ ಬಲಗಡೆಯ ಅಂಕಣದಲ್ಲಿ ಬರೀ ಚುಕ್ಕಿಗಳ ಸಾಲು. ಆದರೆ ನಡುವಿನ ಅಂಕಣದಲ್ಲಿ ಕನ್ನಡವನ್ನು ದೂರದಿಂದಲೇ ಗುರುತಿಸಬಹುದು: ಇ0 ಬಿ2, ಇ0 ಬಿ2, ನಡುನಡುವೆ ಇ0 ಬಿ3. ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ಕನ್ನಡದ ಪ್ರತಿ ಅಕ್ಷರವೂ, ಪ್ರತಿ ಒತ್ತಿನ ಹಲಂತವೂ, ಪ್ರತಿ ಕೊಂಬು ದೀರ್ಘವೂ ಮೂರು ಬೈಟು ನುಂಗುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ ಒಂದೇ. ಈ ತಾರತಮ್ಯದ ಬಿಸಿ ನನಗೆ ತಟ್ಟಿದ್ದು ನಮ್ಮ ಬೀದಿಯ ಅಂಗಡಿಯವರಿಂದ.

ಅವರ ಹತ್ತಿರ ಬಡ್ಡಿ ಲೆಕ್ಕ ಹಾಕುವ ಹಳೆಯ ಪ್ರೋಗ್ರಾಮೊಂದಿತ್ತು. ಬರೆದ ಹುಡುಗ ಬೇರೆ ಊರು ಸೇರಿದ್ದ. ಮೂಲ ಬರಹ ಎಲ್ಲಿ ಹೋಯಿತೋ ಅವನಿಗೇ ಗೊತ್ತಿಲ್ಲ. ಶುರು ಮಾಡಿದ ಕೂಡಲೇ ಅದು 'ವೆಲ್‌ಕಮ್' ಎಂದು ಇಂಗ್ಲಿಷಿನಲ್ಲಿ ಸ್ವಾಗತಿಸುತ್ತಿತ್ತು. "ಕನ್ನಡದಲ್ಲಿ ಕರೆಯೋ ಹಾಗೆ ಮಾಡಿ ಸ್ವಾಮಿ" ಎಂದರು ಅಂಗಡಿಯವರು.

ಹುಡುಕಿದರೆ ಸಿಕ್ಕಿತು: 57 65 6ಸಿ 63 6ಎಫ್ 6ಡಿ 65. ಏಳು ಬೈಟು, ಹಿಂದೆ ಮಾತು ಮುಗಿಯಿತೆಂದು ಹೇಳುವ ಒಂದು 00. ಇಂಥ ಎಡಿಟರಿನಲ್ಲಿ ಇದ್ದ ಬೈಟಿನ ಮೇಲೆ ಬೇರೆ ಬೈಟು ಬರೆಯಬಹುದು. ನಡುವೆ ಹೊಸದನ್ನು ತುರುಕಿ ಉಳಿದದ್ದನ್ನು ಮುಂದೆ ತಳ್ಳುವಂತಿಲ್ಲ. ತಳ್ಳಲು ಬಂದರೂ ತಳ್ಳಬಾರದು. ಯಾವ ಮಾತು ಎಷ್ಟನೆಯ ಮನೆಯಲ್ಲಿದೆ ಎಂದು ಪ್ರೋಗ್ರಾಮು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಒಂದು ಬೈಟು ಜರುಗಿದರೂ ಅದರ ಲೆಕ್ಕವೆಲ್ಲ ತಪ್ಪುತ್ತದೆ, ಬಡ್ಡಿಯದೂ ಸೇರಿ.

ಏಳು ಬೈಟಿನಲ್ಲಿ 'ನಮಸ್ಕಾರ' ಕೂರಿಸಬೇಕು. ನಾವು ಎಣಿಸಿದರೆ ನಾಲ್ಕೇ ಅಕ್ಷರ. ಕಂಪ್ಯೂಟರ್ ಎಣಿಸಿದರೆ ನ, ಮ, ಸ, ಹಲಂತ, ಕ, ದೀರ್ಘ, ರ ಎಂದು ಏಳು ತುಣುಕು, ಒಟ್ಟು 21 ಬೈಟು. ಹಠ ಹಿಡಿದು ಬರೆದರೆ ನಮಸ್ಕಾರ ಪಕ್ಕದ ಮನೆಯಲ್ಲಿದ್ದ 'ಅಸಲು ಎಷ್ಟು' ಎಂಬ ಪ್ರಶ್ನೆಯನ್ನು ಹೊರಗೆ ಹಾಕುತ್ತದೆ. ಅಸಲು ಕೇಳದೆ ಬರೀ ಕೈಮುಗಿಯುವ ಬಡ್ಡಿ ಯಂತ್ರ ಯಾರಿಗೆ ಬೇಕು? 'ಬನ್ನಿ' ಎನ್ನೋಣವೆಂದರೆ ಅದೂ 15 ಬೈಟು. ಬಹುವಚನಕ್ಕೆ ಜಾಗವೇ ಇಲ್ಲ.

ಕೊನೆಗೆ ಉಳಿದದ್ದು 'ಬಾ'. ಬಕಾರಕ್ಕೆ ಮೂರು, ದೀರ್ಘಕ್ಕೆ ಮೂರು, ಉಳಿದ ಒಂದು ಬೈಟಿಗೆ ಸೊನ್ನೆ. ಅಳೆದು ಹೊಲಿಸಿದಷ್ಟು ಸರಿಯಾಗಿ ಕೂತಿತು. ಇ0 ಬಿ2 ಎಸಿ ಇ0 ಬಿ2 ಬಿಇ 00 ಎಂದು ಒತ್ತಿ, ಉಳಿಸಿ, ಕೊಟ್ಟೆ. ಈಗ ಅವರ ಪ್ರೋಗ್ರಾಮು ತೆರೆದವರನ್ನೆಲ್ಲ "ಬಾ" ಎಂದು ಏಕವಚನದಲ್ಲೇ ಕರೆಯುತ್ತದೆ. ಅಂಗಡಿಯವರಿಗೆ ಬಹಳ ಹಿಡಿಸಿತು, ಮನೆಯವರು ಕರೆದ ಹಾಗಿದೆಯಂತೆ. ಅವರ ಅಳಿಯಂದಿರು ಮಾತ್ರ ಗಲ್ಲಾದ ಮುಂದೆ ಕೂರುವುದನ್ನು ಬಿಟ್ಟಿದ್ದಾರೆ. ಕನ್ನಡದಲ್ಲಿ ಮರ್ಯಾದೆಗೆ ಒಂಬತ್ತು ಬೈಟು ಹೆಚ್ಚಿಗೆ ಬೀಳುತ್ತದೆ ಎಂದು ಅವರಿಗೆ ವಿವರಿಸುವ ಧೈರ್ಯ ನನಗೆ ಬಂದಿಲ್ಲ.

ಇದೇ ಕೆಲಸವನ್ನು ವಿಮ್ ಎಡಿಟರಿಗೆ, ಬೈಟುಗಳನ್ನು ಅಂಕಿಗಳಾಗಿ ಬಿಡಿಸಿ ಮತ್ತೆ ಕಟ್ಟುವ ಎಕ್ಸ್‌ಎಕ್ಸ್‌ಡಿ ಜೋಡಿಸಿ ಮಾಡುವ ಪಂಗಡವೂ ಇದೆ. ಅಲ್ಲಿ ಬಲಗಡೆಯ ಅಕ್ಷರಗಳನ್ನು ನೀವು ಎಷ್ಟು ಅಂದವಾಗಿ ತಿದ್ದಿದರೂ ಕಡತಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ವಾಪಸು ಕಟ್ಟುವಾಗ ಎಕ್ಸ್‌ಎಕ್ಸ್‌ಡಿ ನೋಡುವುದು ನಡುವಿನ ಅಂಕಿಗಳನ್ನು ಮಾತ್ರ. ವಿಮ್ ತೆರೆಯುವಾಗ 'ಬಿ' ಎಂಬ ಆಯ್ಕೆ ಕೊಡದಿದ್ದರೆ ಅದು ಕೇಳದೆಯೇ ಕಡತದ ಕೊನೆಗೆ ಒಂದು 0ಎ ಸೇರಿಸಿ ಉಪಕಾರ ಮಾಡುವುದುಂಟು. ಪಠ್ಯಕ್ಕೆ ಅದು ಶಿಸ್ತು, ಬೈನರಿಗೆ ಅಧಿಕಪ್ರಸಂಗ. ನನ್ನ ಮತ ಹೆಕ್ಸ್‌ಎಡಿಟಿಗೇ. ಅದು ಸಹಾಯ ಮಾಡಲು ಬರುವುದಿಲ್ಲ.

ಹೆಕ್ಸ್‌ಎಡಿಟಿನಲ್ಲಿ ಕಂಟ್ರೋಲ್ ಸಿ ಒತ್ತಿದರೆ ಏನನ್ನೂ ಉಳಿಸದೆ ಹೊರಬರಬಹುದು. ಕಂಟ್ರೋಲ್ ಎಕ್ಸ್ ಒತ್ತಿ ಹೌದೆಂದರೆ ಬರೆದದ್ದು ಬರೆದ ಹಾಗೆ, ಹಿಂದಿನದು ಎಲ್ಲೂ ಉಳಿಯುವುದಿಲ್ಲ. ಆದ್ದರಿಂದ ಯಾರದೇ ಕಡತವನ್ನು ತಿದ್ದಲು ಕೂರುವ ಮುಂಚೆ ದಯವಿಟ್ಟು ಒಂದು ನಕಲು ತೆಗೆದಿಟ್ಟುಕೊಳ್ಳಿ. ಅಂಗಡಿಯವರದ್ದು ನನ್ನ ಹತ್ತಿರ ಇದೆ, ಅಳಿಯಂದಿರು ಕೇಳಿದರೆ ಕೊಡುತ್ತೇನೆ.