ಕರಡು ಮೇಷ್ಟ್ರು

ಕಾನೂನು ಕಾಲೇಜಿನಲ್ಲಿ ಮೇಷ್ಟ್ರು ಎಂದ ಕೂಡಲೇ ನೆಂಟರು ಕೇಳುವುದು, 'ಕೋರ್ಟಿಗೆ ಯಾಕೆ ಹೋಗಲ್ಲ?' ಸಂವಿಧಾನ ಪಾಠ ಮಾಡುವವರಿಗೆ ಈ ಕಾಟವಿಲ್ಲ, ಅವರು ಟಿವಿ ಚರ್ಚೆಗೆ ಹೋಗುತ್ತಾರೆ. ನಾನು ಹೇಳಿಕೊಡುವುದು ದಾವೆ, ನೋಟಿಸು, ಕ್ರಯಪತ್ರ ಬರೆಯುವುದನ್ನು. 'ಅದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಪತ್ರ ಬರೆಯೋರು ಇದ್ದಾರಲ್ಲ' ಎಂದು ಮೂಗು ಮುರಿದವರೇ ಹನ್ನೊಂದು ತಿಂಗಳ ಬಾಡಿಗೆ ಕರಾರು ಬರೆಸಿಕೊಳ್ಳಲು ಬರುತ್ತಾರೆ. ಫೀಸು ಒಂದು ಲೋಟ ಕಾಫಿ. ಅದೂ ನಮ್ಮ ಮನೆಯದೇ.

ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಈ ಪತ್ರಿಕೆಗೆ ದಾವೆ, ಅರ್ಜಿಗಳದು 15 ಕರಡು; ಕ್ರಯ, ಭೋಗ್ಯದ ಪತ್ರಗಳದು ಇನ್ನು 15. ಅರವತ್ತು ಮಕ್ಕಳ ತರಗತಿಯೆಂದರೆ ಒಟ್ಟು 1800. ಎಲ್ಲವನ್ನೂ ಕೈಯಲ್ಲೇ ಬರೆಯಬೇಕೆಂದು ನನ್ನ ಕಟ್ಟಪ್ಪಣೆ. ಬರೆಯುವಾಗಲಾದರೂ ಒಮ್ಮೆ ಓದಿಕೊಳ್ಳಲಿ ಎಂಬ ಆಸೆ. ಒಬ್ಬ ಮಹಾಶಯ ಬ್ಯಾಂಕಿನ ಸಾಲ ವಸೂಲಿ ದಾವೆಯನ್ನು ಯಾರದೋ ಹಳೇ ಕಡತ ನೋಡಿ ಇಳಿಸಿದ್ದ. ಅಸಲು, ಬಡ್ಡಿ, ವ್ಯಾಜ್ಯ ಕಾರಣ ಎಲ್ಲ ಸರಿಯಾಗಿತ್ತು. ಪ್ರಾರ್ಥನೆಗೆ ಬಂದರೆ, ವಾದಿ ಬ್ಯಾಂಕಿಗೆ ಪ್ರತಿವಾದಿಯಿಂದ ವಿವಾಹ ವಿಚ್ಛೇದನ ಕೊಡಿಸಬೇಕಂತೆ! ಮಗುವಿನ ಸುಪರ್ದಿಯನ್ನೂ ಮ್ಯಾನೇಜರಿಗೇ ಕೇಳಿದ್ದ.

ಇನ್ನೊಬ್ಬಳ ಚಕ್ಕುಬಂದಿ ಹೀಗಿತ್ತು: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಚಿಕ್ಕಪ್ಪನ ತೋಟ, ದಕ್ಷಿಣಕ್ಕೆ ಕಟ್ಟಿದ ಎಮ್ಮೆ.

'ಎಮ್ಮೆ ಎದ್ದು ಈ ಕಡೆ ಬಂದರೆ?'

'ಒತ್ತುವರಿ ಸರ್.'

ಪೂರ್ತಿ ಅಂಕ ಕೊಟ್ಟೆ.

ಚೆಕ್ ಬೌನ್ಸ್ ನೋಟಿಸಿನದು ಬೇರೆ ಕಥೆ. ಹಣ ಕಟ್ಟಲು ಕಾನೂನು ಕೊಟ್ಟಿರುವ 15 ದಿನವನ್ನು ಯಾರೂ ಮರೆಯುವುದಿಲ್ಲ. ಆಮೇಲೆ ಮಾತ್ರ ಸಿನಿಮಾ ಮೈಮೇಲೆ ಬರುತ್ತದೆ: 'ತಪ್ಪಿದಲ್ಲಿ ಮುಂದಾಗುವುದಕ್ಕೆ ನಾವು ಜವಾಬ್ದಾರರಲ್ಲ.' ಇಂಥ ನೋಟಿಸು ಕಳಿಸಿದರೆ ಆರೋಪಿಯಾಗುವವನು ನಮ್ಮ ಕಕ್ಷಿದಾರನೇ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಆದೇಶ 6, ನಿಯಮ 2 ನನ್ನ ಹೊಟ್ಟೆಪಾಡಿನ ಮಂತ್ರ. ಮುಖ್ಯ ಸಂಗತಿಗಳನ್ನಷ್ಟೇ ಹೇಳು, ಸಾಕ್ಷ್ಯ ತುರುಕಬೇಡ, ಚಿಕ್ಕದಾಗಿ ಹೇಳು ಎನ್ನುತ್ತದೆ ಅದು. ತಾರೀಖು, ಮೊತ್ತಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕೆಂದೂ ಅದರಲ್ಲೇ ಇದೆ. ಹಾಗಾಗಿ ನಮ್ಮ ಮನೆ ಹಾಲಿನ ಲೆಕ್ಕದಲ್ಲಿ 'ರೂ. 1,480 (ಒಂದು ಸಾವಿರದ ನಾನೂರ ಎಂಬತ್ತು ಮಾತ್ರ)' ಎಂದೇ ಇರುತ್ತದೆ. ಕೆಳಗೆ ಸಹಿ ಹಾಕಲು ಹಾಲಿನವನು ಹೆದರುತ್ತಾನೆ. ಎರಡು ಎಮ್ಮೆ ಬರೆಸಿಕೊಂಡುಬಿಟ್ಟಾರು ಎಂದು ಅವನ ಗುಮಾನಿ.

ಮೊನ್ನೆ ಹಳೇ ವಿದ್ಯಾರ್ಥಿಯೊಬ್ಬನ ಫೋನು. ವಕೀಲಿಕೆ ಶುರು ಮಾಡಿದ್ದಾನೆ.

'ಸರ್, ನೀವು ಹೇಳಿಕೊಟ್ಟ ಹಾಗೆ ದಾವೆಯನ್ನ ಮೂರೇ ಪುಟಕ್ಕೆ ಮುಗಿಸಿದೆ.'

ನನ್ನ ಎದೆ ಉಬ್ಬಿತು. 'ಜಡ್ಜ್ ಏನಂದರು?'

'ಅಲ್ಲೀವರೆಗೂ ಹೋಗಿಲ್ಲ ಸರ್. ಕಕ್ಷಿದಾರ ಕೈಯಲ್ಲಿ ಹಿಡಿದು ತೂಗಿ ನೋಡಿ ಅರ್ಧ ಫೀಸು ಕೊಟ್ಟ. ಪಕ್ಕದ ವಕೀಲರು ಮೂವತ್ತು ಪುಟ ಬರೀತಾರಂತೆ.'

ಸ್ವಲ್ಪ ಹೊತ್ತು ಯೋಚಿಸಿ ಹೇಳಿದೆ: 'ದಪ್ಪ ಕಾಗದ ತಗೋ. ಸಾಲುಗಳ ಮಧ್ಯೆ ಧಾರಾಳವಾಗಿ ಜಾಗ ಬಿಡು. ಅದರ ಬಗ್ಗೆ ನಿಯಮ 2ರಲ್ಲಿ ಸೊಲ್ಲೇ ಇಲ್ಲ.'