ಕಾಲು ಬರ್ತಾ ಇಲ್ಲ ಸಾರ್

ಭಾನುವಾರ ಉಮೇದಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಬಂದೆ. ಸೋಮವಾರ ಬೆಳಿಗ್ಗೆ ಬಚ್ಚಲಿಗೆ ಹೋಗಬೇಕಾದರೂ ಗೋಡೆಯೇ ಗತಿ. ರಜೆ ಕೇಳೋಣವೆಂದರೆ ನಮ್ಮ ಬಾಸಿಗೆ ಇಂಗ್ಲಿಷಿನಲ್ಲೇ ಬರೆಯಬೇಕು. ‘ಕಾಲು ಬರ್ತಾ ಇಲ್ಲ’ ಅನ್ನುವುದನ್ನು ಪದಕ್ಕೆ ಪದ ಇಟ್ಟು ‘ಲೆಗ್ಸ್ ಆರ್ ನಾಟ್ ಕಮಿಂಗ್’ ಅಂದೆ. ಓದಿ ನೋಡಿದರೆ, ಕಾಲೆರಡು ಮನೆಯಲ್ಲೇ ಇರುತ್ತವೆ, ಮಿಕ್ಕವನು ಆಫೀಸಿಗೆ ಬರುತ್ತೇನೆ ಅಂದಹಾಗಿತ್ತು. ಅಳಿಸಿದೆ.

‘ಐ ಆ್ಯಮ್ ಟಯರ್ಡ್’ ಸಾಲದೇ ಅಂದಿರಾ? ಸಂಜೆ ಆರಕ್ಕೆ ಲಿಫ್ಟಿನಲ್ಲಿ ಎಲ್ಲರೂ ಅದನ್ನೇ ಅನ್ನುತ್ತಾರೆ, ಯಾರು ನಂಬುತ್ತಾರೆ? ಮೇಲಾಗಿ ನನ್ನದೊಂದು ತಕರಾರಿದೆ. ನಮ್ಮಲ್ಲಿ ಸುಸ್ತು ‘ನನಗೆ’ ಆಗುತ್ತದೆ, ನೆಂಟರು ಬಂದಹಾಗೆ; ಒಂದು ಲೋಟ ಕಾಫಿ ಕೊಟ್ಟರೆ ಎದ್ದು ಹೋಗಲೂಬಹುದು. ಇಂಗ್ಲಿಷಿನಲ್ಲಿ ಸಾಕ್ಷಾತ್ ‘ನಾನೇ’ ಸುಸ್ತು. (‘ದಣಿದೆ’ ಅಂತಲೂ ಉಂಟಲ್ಲ ಅನ್ನಬೇಡಿ, ವಾದಕ್ಕೆ ತ್ರಾಣವಿಲ್ಲ. ಸುಸ್ತೂ ನಮ್ಮದಲ್ಲ, ಪಾರಸಿಯಿಂದ ಬಂದು ಇಲ್ಲೇ ಒರಗಿಕೊಂಡದ್ದು.)

ನಿಘಂಟು ತೆರೆದೆ. ಬ್ರಿಟಿಷರ ಆಡುಮಾತಿನಲ್ಲಿ ‘ನ್ಯಾಕರ್ಡ್’ ಅಂತಿದೆ. ನ್ಯಾಕರ್ ಎಂದರೆ ಕೆಲಸಕ್ಕೆ ಬಾರದ ಕುದುರೆಗಳನ್ನು ಕೊಂಡು ಕಡಿಯುವವ. ರಜೆ ಕೇಳುವ ದಿನ ಬಾಸಿಗೆ ಇಂಥ ಐಡಿಯಾ ಕೊಡುವುದುಂಟೇ! ‘ಲೆಥಾರ್ಜಿಕ್’ ಗಂಭೀರವಾಗಿದೆ, ಆದರೆ ಅದರ ಬೇರು ಗ್ರೀಕಿನ ‘ಮರೆವು’. ಹೋದ ತಿಂಗಳು ನಾನು ಮರೆತ ಫೈಲು ಅವರಿಗೆ ಥಟ್ಟನೆ ನೆನಪಾಗುತ್ತದೆ.

ಉಳಿದದ್ದು ‘ಸ್ಲಗಿಶ್’. ಸ್ಲಗ್ ಅಂದರೆ ಚಿಪ್ಪಿಲ್ಲದ ಬಸವನಹುಳು, ಅದರಿಂದ ಈ ಪದ ಅಂದುಕೊಂಡಿದ್ದೆ. ತಿರುಗಾಮುರುಗಾ! ಮೊದಲು ಸ್ಲಗ್ ಅಂದರೆ ಸೋಮಾರಿ ಮನುಷ್ಯ. ಹೆಸರು ಹುಳಕ್ಕೆ ದಾಟಿದ್ದು 18ನೇ ಶತಮಾನದ ಆರಂಭದಲ್ಲಿ. ಪಾಪ, ಮಳೆಗಾಲದಲ್ಲಿ ನಮ್ಮ ಹಿತ್ತಲ ಕಲ್ಲಿನ ಮೇಲೆ ಅದು ರಾತ್ರಿಯಿಡೀ ನಡೆದು, ಬೆಳಗಾಗುವಷ್ಟರಲ್ಲಿ ತುಳಸಿಕಟ್ಟೆಯವರೆಗೆ ಬೆಳ್ಳಿ ಗೆರೆ ಎಳೆದಿರುತ್ತದೆ. ಈ ಹೊತ್ತು ನನಗೆ ಅಷ್ಟು ದೂರವೂ ಆಗದು.

ನಡಿಗೆಗೂ ಇಂಗ್ಲಿಷಿನಲ್ಲಿ ಬೇಕಾದಷ್ಟು ಪದಗಳಿವೆ. ಹೆಜ್ಜೆ ಕಿತ್ತಿಟ್ಟರೆ ‘ಟ್ರಜ್’, ಚಪ್ಪಲಿ ನೆಲ ಉಜ್ಜಿದರೆ ‘ಶಫಲ್’. ಸೋಫಾದಿಂದ ಎದ್ದು ಎರಡನ್ನೂ ನಡೆದು ನೋಡುತ್ತಿದ್ದೆ.

‘ಫೀವರ್ ಅಂತ ಹಾಕ್ರೀ, ಮುಗೀತು’ ಅಂದಳು ನನ್ನವಳು. ಹಾಕಿದೆ.

ನಿಮಿಷದಲ್ಲಿ ಉತ್ತರ: ‘ನಿನ್ನೆ ನಂದಿ ಮುಂದೆ ನಿಂತ ಸ್ಟೇಟಸ್ ಫೋಟೊ ಚೆನ್ನಾಗಿದೆ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹತ್ತು ಗಂಟೆಗೆ ಬನ್ನಿ.’

ಅಚ್ಚಗನ್ನಡದಲ್ಲಿ.